ಅವನು ಸತ್ತ ದಿನ ಹಸಿವಾದವಳು

ಬೆಳಕು ಹರಿಯುವ ಮೊದಲೇ ಯೋನ್ಕಾ ಗಂಚೆವಾ ಹಿಟ್ಟಿನ ಅಂಟು ಕಾಯಿಸಿ, ಬಕೆಟ್ಟಿಗೆ ಸುರಿದುಕೊಂಡು ಹೊರಟಿದ್ದಾರೆ. ಬಸ್ ನಿಲ್ದಾಣದ ಕಂಬಕ್ಕೊಂದು, ಚರ್ಚಿನ ಗೋಡೆಗೊಂದು, ಸತ್ತವರ ಮನೆಯ ಗೇಟಿಗೊಂದು. ಕಪ್ಪು ಅಂಚಿನ ಹಾಳೆ, ಮೇಲೆ ಫೋಟೊ, ಕೆಳಗೆ ನಾಲ್ಕು ಸಾಲು. ಬಲ್ಗೇರಿಯಾದ ಯಾಸೆನ್‌ಗ್ರಾದ್‌ನಲ್ಲಿ ಯಾರು ಸತ್ತರೂ ಊರಿಗೆ ತಿಳಿಯುವುದು ಹೀಗೆ. ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ಆಮೇಲೆ ವರ್ಷ ವರ್ಷವೂ ಹೊಸ ಹಾಳೆ. ಸಾಲು ಹೊಸೆಯುವುದೂ ಯೋನ್ಕಾ, ಅಚ್ಚು ಹಾಕುವುದೂ ಅವರೇ, ಅಂಟಿಸುವುದೂ ಅವರೇ.

ಬೇಕರಿಯ ದೆಸ್ಕಾ ಅವರನ್ನು ನೋಡುತ್ತಲೇ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಎರಡು ವಾರದಿಂದ ದಿನವೂ ಇದೇ ಆಟ.

"ಬಂದ್ಲಪ್ಪಾ! ಲೇ ಯೋನ್ಕಾ, ನನ್ನ ಗಂಡನಿಗೆ ಏನಾದ್ರೂ ಆದ್ರೆ ನಿನ್ ಹತ್ರ ಮಾತ್ರ ಬರಲ್ಲ ಕಣೇ. ಅವನ ಮೇಲೆ ಏನ್ ಬರೆದುಬಿಡ್ತೀಯೋ ಏನೋ!"

"ನಿನ್ನ ಗಂಡ ಗುಂಡುಕಲ್ಲಿನ ಹಾಗಿದ್ದಾನೆ. ಮೊದಲು ಎರಡು ಚೀಸ್ ರೊಟ್ಟಿ ಕಟ್ಟು, ಅತ್ತೆ ಕಾಯ್ತಿರ್ತಾರೆ."

"ಇನ್ನೂ ಅತ್ತೆ ಅಂತೀಯಲ್ಲ ಮಾರಾಯ್ತಿ! ಆ ಮುದುಕಿ ನಿನ್ನ ಓಡಿಸಿಲ್ವಾ?"

ಓಡಿಸಿಲ್ಲ. ಊರಿಗೆ ಅರಗದೆ ಇರುವುದೂ ಅದೇ.

ಯೋನ್ಕಾಗೆ ಐವತ್ತೆಂಟು ದಾಟಿದೆ. ಬೆಳೆದದ್ದು ಅನಾಥಾಲಯದಲ್ಲಿ, ತವರು ಎಂಬುದು ಹೆಸರಿಗೂ ಇಲ್ಲ. ಇಪ್ಪತ್ತಕ್ಕೆ ಲಾರಿ ಚಾಲಕ ಮಾರಿನ್‌ನನ್ನು ಮದುವೆಯಾದರು. ಹನ್ನೊಂದು ವರ್ಷದ ಹಿಂದೆ ಅವನು ಅಂಗಳದಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡ. ಆಮೇಲೆ ಮನೆಯಲ್ಲಿ ಉಳಿದವರು ಯೋನ್ಕಾ ಮತ್ತು ಅತ್ತೆ ಪೆನಾ ಅಜ್ಜಿ. ಮನೆ ಅಜ್ಜಿಯದು, ದುಡಿಮೆ ಯೋನ್ಕಾರದು, ಒಲೆ ಇಬ್ಬರದ್ದೂ. ಈ ಮುದುಕಿಯನ್ನು ಬಿಟ್ಟರೆ ಯೋನ್ಕಾಗೆ ಜಗತ್ತಿನಲ್ಲಿ ನನ್ನವರು ಎನ್ನಲು ಒಂದು ನರಪಿಳ್ಳೆಯೂ ಇಲ್ಲ. ವರ್ಷಕ್ಕೊಮ್ಮೆ ಗಂಡನ ಹಾಳೆಯನ್ನು ಅವರೇ ಗೇಟಿಗೆ ಅಂಟಿಸುತ್ತಿದ್ದರು: "ಮರೆಯಲಾಗದ ಮಗ, ಪ್ರೀತಿಯ ಪತಿ. ನೀನಿಲ್ಲದೆ ಮನೆ ಬರಿದು."

ಕಳೆದ ಚಳಿಗಾಲ ಊರಿನ ಓದುಮನೆಯಲ್ಲಿ ನಿವೃತ್ತ ಶಿಕ್ಷಕಿ ಎವ್ಡೋಕಿಯಾ ಒಂದು ತರಗತಿ ತೆರೆದರು. ತಮ್ಮ ಬದುಕನ್ನು ತಾವೇ ಬರೆಯಲು ಕಲಿಯುವ ತರಗತಿ. "ಅಲ್ಲಿ ಒಲೆ ಚೆನ್ನಾಗಿ ಉರೀತಿತ್ತು, ಅದಕ್ಕೇ ಹೋದೆ" ಎನ್ನುತ್ತಾರೆ ಯೋನ್ಕಾ. ಬರೆಯುವುದೇನು, ನೀರು ಕುಡಿದಷ್ಟು ಸಲೀಸು ಅಂದುಕೊಂಡಿದ್ದರು. ಗಂಡನ ಬಗ್ಗೆ ಒಂದು ಪುಟ ಬರೆದು ಕೊಟ್ಟರು. ಎವ್ಡೋಕಿಯಾ "ಮರೆಯಲಾಗದ" ಹೊಡೆದುಹಾಕಿದರು, "ಪ್ರೀತಿಯ" ಹೊಡೆದುಹಾಕಿದರು, "ದುಡಿಮೆಗಾರ" ಹೊಡೆದುಹಾಕಿದರು. ಪುಟದಲ್ಲಿ ಉಳಿದದ್ದು ಹೆಸರು ಮತ್ತು ತಾರೀಕು.

"ಸತ್ತವನೇನೋ ಇಲ್ಲಿದ್ದಾನೆ. ನೀನೆಲ್ಲಿದ್ದೀಯ?" ಎಂದು ಕೇಳಿದರು.

ಯೋನ್ಕಾ ಬೆಚ್ಚಿಬಿದ್ದರು. ಗೋಡೆಯ ಹಾಳೆಯಲ್ಲಿ ಬರೆದವರಿಗೆ ಜಾಗವೇ ಇಲ್ಲ. ಕೊನೆಗೆ "ದುಃಖತಪ್ತರು" ಎಂದರೆ ಮುಗಿಯಿತು. "ಊರಿಗೆಲ್ಲಾ ಬರೆದಿದ್ದೀನಿ, 'ನಾನು' ಅಂತ ಒಂದ್ಸಲಾನೂ ಬರೆದಿರಲಿಲ್ಲ. ಬರೆದ್ರೆ ಬಟ್ಟೆ ಬಿಚ್ಚಿ ಬೀದೀಲಿ ನಿಂತ ಹಾಗಾಯ್ತು."

"ಅವನು ಒಳ್ಳೆಯವನೋ ಕೆಟ್ಟವನೋ ನನಗೆ ಹೇಳಬೇಡ" ಎಂದರು ಶಿಕ್ಷಕಿ. "ಆ ದಿನ ಮೇಜಿನ ಮೇಲೆ ಏನಿತ್ತು? ನಿನ್ನ ಕೈ ಏನು ಮಾಡ್ತಿತ್ತು? ಅಷ್ಟು ಹೇಳು."

ವಾರಗಟ್ಟಲೆ ಬರೆದು ಹರಿದರು. ಕೊನೆಗೆ ಒಂದು ಸಾಲು ಹರಿಯದೆ ಉಳಿಯಿತು: "ಅವನು ಸತ್ತ ದಿನ ನನಗೆ ವಿಪರೀತ ಹಸಿವಾಯಿತು."

ಎರಡು ವಾರದ ಹಿಂದೆ, ತರಗತಿ ಮುಗಿದ ಸಂಜೆ, ಎಲ್ಲರೂ ಊರ ಮುಂದೆ ಓದಬೇಕಿತ್ತು. ಪೆನಾ ಅಜ್ಜಿ ಅಕ್ರೋಟಿನ ಕೇಕು ಮಾಡಿಕೊಂಡು ಬಂದು ಮೊದಲ ಸಾಲಿನಲ್ಲೇ ಕೂತಿದ್ದರು. ಯೋನ್ಕಾ ಕೈಯಲ್ಲಿ ಎರಡು ಬರಹ, ಒಂದು ಪ್ಲಮ್ ಹಣ್ಣಿನ ಜಾಮ್ ಕಾಯಿಸುವ ಬಗ್ಗೆ, ಇನ್ನೊಂದು ಇದು. ಇದನ್ನು ಓದಿದರೆ ಮನೆಯೂ ಹೋಗುತ್ತದೆ, ಅತ್ತೆಯೂ ಹೋಗುತ್ತಾರೆ ಎಂದು ಗೊತ್ತಿತ್ತು. "ಜಾಮೇ ಓದೋಣ ಅಂತಿದ್ದೆ. ಬಾಯಿ ತೆಗೆದ್ರೆ ಇದು ಬಂತು" ಎನ್ನುತ್ತಾರೆ.

ಹೆಣ ಹಜಾರದಲ್ಲಿದೆ, ಹೆಂಗಸರು ಅಳುತ್ತಿದ್ದಾರೆ, ಅಡುಗೆಮನೆಯಲ್ಲಿ ಹೆಂಡತಿ ಅರ್ಧ ಬ್ರೆಡ್ಡಿಗೆ ಕೆಂಪು ಮೆಣಸಿನ ಗೊಜ್ಜು ಬಳಿದು ನಿಂತುಕೊಂಡೇ ತಿನ್ನುತ್ತಿದ್ದಾಳೆ. ಮದುವೆಯಾದಂದಿನಿಂದ ಅವಳು ಉಂಡದ್ದೆಲ್ಲ ಬಾಗಿಲ ಕಡೆ ಕಿವಿಯಿಟ್ಟುಕೊಂಡು. ಗೊಜ್ಜಿಗೆ ಬೆಳ್ಳುಳ್ಳಿ ಹಾಕಿದೆ ಎಂದು ಅವಳ ನಾಲಿಗೆಗೆ ತಿಳಿದದ್ದು ಆ ದಿನ. ತಿಂದಾದ ಮೇಲೆ ಬೇಸಗೆಯಲ್ಲೂ ಮಡಚದ ಅಂಗಿಯ ಉದ್ದ ತೋಳನ್ನು ಮಡಚಿ ಕೈ ತೊಳೆದಳು. ಅಷ್ಟೇ ಬರಹ.

ಸತ್ತವರ ಬಗ್ಗೆ ಒಳ್ಳೇದಾಡು, ಇಲ್ಲಾ ಬಾಯಿ ಮುಚ್ಚು ಎನ್ನುವ ಊರು ಇದು. ಪಾದ್ರಿಯ ಹೆಂಡತಿ ಎದ್ದು ಹೊರಟೇಬಿಟ್ಟರು. ಬರೆಯಿಸಿದ ಎವ್ಡೋಕಿಯಾರ ಮುಖವೇ ಬಿಳಿಚಿಕೊಂಡಿತ್ತು. ಆಗ ಪೆನಾ ಅಜ್ಜಿ ಕೋಲೂರಿ ಎದ್ದರು. ಇನ್ನೇನು ಶಾಪ ಹಾಕುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು.

"ಇವಳು ಅರ್ಧ ಬರೆದವ್ಳೆ" ಎಂದರು ಅಜ್ಜಿ. "ನನಗೆ ಗೋಡೆ ಆಚೆಯಿಂದ ಎಲ್ಲಾ ಕೇಳಿಸ್ತಿತ್ತು. ಕೇಳಿಸಿದಾಗೆಲ್ಲ ನಲ್ಲಿ ಜೋರಾಗಿ ಬಿಟ್ಕೊಂಡು ತೊಳೆದ ಪಾತ್ರೇನೇ ಮತ್ತೆ ತೊಳೀತಿದ್ದೆ. ಅದನ್ನೂ ಬರೀಬೇಕು. ನನ್ನ ಹೆಸರು ಹಾಕೇ ಬರೀಬೇಕು."

ಊರಿಗೆ ಸಿಡಿಲು ಬಡಿದಂತಾಯಿತು. ಆದರೆ ಯೋನ್ಕಾಗೆ ಬಡಿದದ್ದು ಬೇರೆಯದೇ. "ಅತ್ತೆಗೆ ಕಿವಿ ಮಂದ ಅಂದ್ಕೊಂಡಿದ್ದೆ. ಪಾಪ, ಮಗ ಎಂಥವನು ಅಂತ ಗೊತ್ತಾಗದಿರ್ಲಿ ಅಂತ ಬಾಯಿಗೆ ಬಟ್ಟೆ ತುರುಕ್ಕೊಂಡು ಹೊಡೆತ ತಿಂದೆ. ಇವರಿಗೆ ಕೇಳಿಸದಿರ್ಲಿ ಅಂತ! ಇವರು ಅಲ್ಲಿ ತಟ್ಟೆ ತೊಳೀತಿದ್ರು!"

ಎರಡು ದಿನ ಒಂದೇ ಮೇಜಿನಲ್ಲಿ ಮಾತಿಲ್ಲದೆ ಉಂಡರು. ಮೂರನೇ ದಿನ ಅಜ್ಜಿಯೇ ಬಾಯಿ ಬಿಟ್ಟರು.

"ಬರೆದ್ಯಾ?"

"ಇಲ್ಲ."

"ಮತ್ತೆ ದಂಡಕ್ಕೆ ಹೋಗಿದ್ದಾ ಕ್ಲಾಸಿಗೆ?"

ಗಿರಾಕಿಗಳು ಕಡಿಮೆಯಾಗಿದ್ದಾರೆ. ದೊಡ್ಡ ಮನೆಗಳವರು ಪಕ್ಕದ ಪೇಟೆಯಲ್ಲಿ ಹಾಳೆ ಮಾಡಿಸುತ್ತಿದ್ದಾರೆ. ಆದರೆ ಮೊನ್ನೆ ಒಬ್ಬ ವಿಧವೆ ಹಿತ್ತಲ ಬಾಗಿಲಿಂದ ಬಂದು, "ನನ್ನವನ ಹಾಳೇಲಿ 'ಪ್ರೀತಿಯ' ಅಂತ ಹಾಕಬೇಡ ಕಣಮ್ಮ, ಬರೀ ಹೆಸರು ಸಾಕು" ಎಂದು ಪಿಸುಗುಟ್ಟಿ ಹೋದರಂತೆ. ಯೋನ್ಕಾ ಹಾಗೇ ಮಾಡಿದ್ದಾರೆ.

ಬೆಳಗಿನ ಸುತ್ತು ಮುಗಿಸಿ ಅವರು ಮನೆಗೆ ಬರುತ್ತಾರೆ. ಅಜ್ಜಿಗೆ ರೊಟ್ಟಿ ಮುರಿದು ಮೊಸರಿಗೆ ಹಾಕಿಕೊಟ್ಟು, ಎದುರಿಗೇ ಕೂತು ಎರಡನೆಯ ಬರಹಕ್ಕೆ ಕೈ ಹಾಕುತ್ತಾರೆ. ನಾಲ್ಕು ಸಾಲು ಬರೆದು ಎರಡು ಹೊಡೆದುಹಾಕುತ್ತಾರೆ. ಸಿಟ್ಟು ಇಳಿದಿದೆಯೇ ಎಂದರೆ, "ಇಳಿಯೋದಾ? ಇವರ ಮುಖ ನೋಡಿದಾಗೆಲ್ಲ ಉರಿಯುತ್ತೆ. ಊಟದ ಹೊತ್ತಿಗೆ ಇವರು ಕಾಣದಿದ್ರೆ ಹುಡುಕ್ಕೊಂಡೂ ಹೋಗ್ತೀನಿ" ಎನ್ನುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ, ಮೊಸರು ಸೊರಸೊರ ಹೀರುತ್ತಿರುವ ಅತ್ತೆಯ ಕಡೆ ನೋಡಿ ದನಿ ತಗ್ಗಿಸದೆಯೇ ಹೇಳುತ್ತಾರೆ:

"ಇದು ಬರೆದು ಮುಗಿಯೋವರೆಗೂ ಈ ಮುದುಕಿ ಬದುಕಿರಬೇಕು, ಅಷ್ಟೇ. ಮಧ್ಯದಲ್ಲಿ ಸತ್ತುಹೋದ್ರೆ ನನಗೆ ಅಳು ಬಂದುಬಿಡುತ್ತೆ. ಅಳು ಬಂದ್ರೆ ನಾನು ಮತ್ತೆ 'ಪ್ರೀತಿಯ ಅತ್ತೆ' ಅಂತ ಬರೆದುಬಿಡ್ತೀನಿ."