ಸುಧಾರಾಣಿ ಮೇಡಂ ಮಾಡಿದ ಫೋನು

ರಾಣೆಬೆನ್ನೂರಿನ ಆ ಪದವಿ ಕಾಲೇಜಿನಲ್ಲಿ ಹುಡುಗರಿಗೆ ಏನೇ ತೊಂದರೆ ಬಂದರೂ ಮೊದಲು ಸುಧಾರಾಣಿ ಮೇಡಂ ಹತ್ತಿರ ಹೋಗುವುದು ರೂಢಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮಗಳು, ಸಮಾಜಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ತವರಿನಲ್ಲಿ ಯಾರಾದರೂ ಆ ಮಾತೆತ್ತಿದರೆ, ನನಗೇನು ಮಕ್ಕಳು ಕಡಿಮೆಯೇ ಎನ್ನುತ್ತಿದ್ದರು. ಹುಡುಗರಲ್ಲಿ ಗಾಂಜಾ, ಮಾತ್ರೆಗಳ ಚಟ ಹಬ್ಬುತ್ತಿದೆ ಎಂಬ ಸುದ್ದಿ ಬಂದಾಗ ಪ್ರಶ್ನಾವಳಿ ಹಂಚಿದವರೂ ಅವರೇ. ಮೇಲೆ ಹೆಸರು, ರೋಲ್ ನಂಬರ್ ಬರೆಸಿದ್ದರು. ಎಲ್ಲರೂ ಎಲ್ಲದಕ್ಕೂ 'ಇಲ್ಲ' ಎಂದು ಬರೆದುಕೊಟ್ಟರು. ನಮ್ಮ ಹುಡುಗರು ಬಂಗಾರ ಎಂದು ಮೇಡಂ ಹಿಗ್ಗಿದರು.

ಮರುವರ್ಷ ಆಪ್ತಸಮಾಲೋಚಕಿಯಾಗಿ ಕಾವ್ಯಾ ಬಂದಳು. ಮೇಡ್ಲೇರಿಯ ರೈತರ ಮಗಳು, ಚಿಕ್ಕ ವಯಸ್ಸು. ಅದೇ ಪ್ರಶ್ನೆಗಳನ್ನು ಹೆಸರಿಲ್ಲದೆ ಕೇಳಿದಳು, ಬೆಂಚಿಗೊಬ್ಬರಂತೆ ಕೂಡಿಸಿದಳು. ಮಾತಾಡಬೇಕು ಅನ್ನಿಸಿದವರು ತನ್ನ ಕೋಣೆಗೆ ಬರಬಹುದು, ಮಾತು ಅಲ್ಲಿಂದ ಹೊರಗೆ ಹೋಗುವುದಿಲ್ಲ ಎಂದಳು. ಈ ಸಲ 'ಹೌದು'ಗಳು ಬಂದವು. ಪ್ರಾಂಶುಪಾಲರು ಸಭೆಯಲ್ಲಿ ಅವಳನ್ನು ಹೊಗಳಿದಾಗ ಸುಧಾರಾಣಿಗೆ ಕೇಳುತ್ತ ಕೂರುವುದು ಸಂಕಟವಾಯಿತು.

ಅದಕ್ಕಿಂತ ಸಂಕಟವಾದದ್ದು ಚೇತನಕುಮಾರನನ್ನು ಆ ಕೋಣೆಯ ಬಾಗಿಲಲ್ಲಿ ಕಂಡಾಗ. ತಂದೆಯಿಲ್ಲದ ಹುಡುಗ. ಅವನ ಹಾಸ್ಟೆಲ್ ಸೀಟಿಗಾಗಿ ಓಡಾಡಿದವರು, ಜ್ವರ ಬಂದಾಗ ಗಂಜಿ ಒಯ್ದವರು ಸುಧಾರಾಣಿ. ಅವನೀಗ ಕಾವ್ಯಾಳ ಮುಂದೆ ಕೂತು ಕಣ್ಣೊರೆಸಿಕೊಂಡು ಬರುತ್ತಿದ್ದ. ಒಂದು ದಿನ ತಡೆದು ಕೇಳಿದರೆ, ಏನೂ ಇಲ್ಲ ಎಂದು ಸರಿದುಹೋದ. ನನಗೆ ಏನೂ ಇಲ್ಲ, ಅವಳಿಗೆ ಎಲ್ಲ! ಆ ಉರಿಯಲ್ಲೇ ಬ್ಯಾಡಗಿಯಲ್ಲಿದ್ದ ಅವನ ತಾಯಿ ಗದಿಗೆವ್ವನಿಗೆ ಫೋನ್ ಮಾಡಿ, ಮಗ ಗಾಂಜಾ ಸೇದುತ್ತಿರುವಂತಿದೆ ಎಂದು ಊಹೆಯ ಮೇಲೆ ಹೇಳಿಬಿಟ್ಟರು. ತಮ್ಮ ಹೆಸರು ಹೇಳಬೇಡಿ ಎಂದೂ ಸೇರಿಸಿದರು. ಕಾಳಜಿಯಿಂದ ಮಾಡಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಗದಿಗೆವ್ವ ಮರುದಿನವೇ ಬಂದು ಕಾಲೇಜಿನ ಗೇಟಿನಲ್ಲಿ, ಗೆಳೆಯರ ಎದುರೇ ಮಗನ ಕೆನ್ನೆಗೆ ಬಾರಿಸಿದಳು. ಚೇತನ ನೇರ ಕಾವ್ಯಾಳ ಕೋಣೆಗೆ ನುಗ್ಗಿದ.

"ಮಾತು ಹೊರಗ ಹೋಗೂದಿಲ್ಲ ಅಂದಿದ್ರಿ," ಎಂದಷ್ಟೇ ಹೇಳಿ, ಹಾಸ್ಟೆಲ್ ಬಿಟ್ಟು ತಾಯಿಯ ಹಿಂದೆ ಹೊರಟುಹೋದ.

ಸುದ್ದಿ ಹರಡಿ ಆ ಬಾಗಿಲಿಗೆ ಯಾರೂ ಸುಳಿಯದಾದರು. ಒಬ್ಬಿಬ್ಬರು ಹುಡುಗಿಯರು ಮತ್ತೆ ಸುಧಾರಾಣಿಯ ಹತ್ತಿರ ಬರತೊಡಗಿದರು. ಬಯಸಿದ್ದು ಕೈಗೆ ಬಂದಿತ್ತು. ಆದರೆ ಕಾವ್ಯಾ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದಲ್ಲೇ ಕೂತು ಅತ್ತಳು.

"ಹೆಂಗೂ ಎಲ್ಲಾರಿಗೂ ಗೊತ್ತಾತು, ಚೇತನ ಚಟ ಬಿಡಾಕ ಒಪ್ಪಿದ್ದರಿ ಮೇಡಂ. ಹಾವೇರಿ ದವಾಖಾನಿಗೆ ಬರ್ತೇನಿ ಅಂದಿದ್ದ. ಈಗ ಫೋನೂ ಎತ್ತವಲ್ಲ."

ಸುಧಾರಾಣಿಗೆ ಅಂದು ಊಟ ಸೇರಲಿಲ್ಲ. ಭಾನುವಾರ ಬ್ಯಾಡಗಿಗೆ ಹೋದವರು ತವರಿನ ಕಡೆ ತಿರುಗದೆ ಗದಿಗೆವ್ವನ ಮನೆಗೆ ನಡೆದರು. ಅವಳು ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಚೇತನ ಒಳಗಿನಿಂದ ಬಂದು ನಿಂತ.

"ಕಾವ್ಯಾ ಏನೂ ಹೇಳಿಲ್ಲಪಾ. ಫೋನ್ ಮಾಡಿದಾಕಿ ನಾನು," ಎಂದರು ಸುಧಾರಾಣಿ. "ನೀ ಆಕಿ ಕಡೆ ಹೋಗೂದು ನನಗ ತಡ್ಕೊಳಾಕ ಆಗ್ಲಿಲ್ಲ."

ಅವನು ತಾಯಿಯ ಪಕ್ಕ ಕೂತು ಒಂದೆರಡು ತೊಟ್ಟು ಬಿಡಿಸಿದ. ಆಮೇಲೆ, ಕಾವ್ಯಾ ಮೇಡಂ ನಂಬರ್ ಅಳಿಸಿಹಾಕಿದ್ದೇನೆ, ನಿಮ್ಮಲ್ಲಿದೆಯೇ ಎಂದು ಕೇಳಿದ. ಕೊಟ್ಟರು. ಸೋಮವಾರ ತರಗತಿಯಲ್ಲೂ, ಫೋನ್ ಮಾಡಿದ್ದು ತಾವೇ ಎಂದು ಹೇಳಿದರು. ಹುಡುಗರು ಒಬ್ಬೊಬ್ಬರಾಗಿ ಮತ್ತೆ ಕಾವ್ಯಾಳ ಬಾಗಿಲಿಗೆ ಬರತೊಡಗಿದರು.

ಚೇತನ ಹಾವೇರಿಗೆ ಚಿಕಿತ್ಸೆಗೆ ಹೋಗತೊಡಗಿದ, ಪರೀಕ್ಷೆಗೂ ಕೂತ. ಸುಧಾರಾಣಿಯನ್ನು ಕಂಡರೆ ನಮಸ್ಕಾರ ಎನ್ನುತ್ತಾನೆ, ನಿಲ್ಲುವುದಿಲ್ಲ. ಕಾವ್ಯಾಳ ಕೋಣೆಯ ಮುಂದೆ ಹುಡುಗರು ಕಾಯುವುದನ್ನು ಕಂಡರೆ ಅವರಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆಗ ಗ್ರಂಥಾಲಯದ ಕಡೆಯಿಂದ ಸುತ್ತುಹಾಕಿ ತರಗತಿಗೆ ಹೋಗುತ್ತಾರೆ.