ಹೊಳಪಿಲ್ಲದ ಬಣ್ಣ

ಮೇಸ್ತ್ರಿ ಹೋದ ಮೇಲೆ ಸಮಾಧಾನ ಹೇಳಲು ಬಂದವರಲ್ಲಿ ಅರ್ಧ ಜನ, ಎರಡು ಮಾತಾದ ನಂತರ ದನಿ ತಗ್ಗಿಸಿ, "ಅದೇನು ಅಂತ ನಿಮಗಾದ್ರೂ ಹೇಳಿದ್ರಾ?" ಎಂದು ಕೇಳಿದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಸಿಟ್ಟಾಗುವಷ್ಟು ಶಕ್ತಿಯೂ ಉಳಿದಿಲ್ಲ. ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತ ಕೂರುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ ಅನ್ನಿಸಿ ಬರೆಯುತ್ತಿದ್ದೇನೆ.

ಮೇಸ್ತ್ರಿ ಕಾರುಗಳಿಗೆ ಬಣ್ಣ ಹೊಡೆಯುವವನು. ನಮ್ಮಿಬ್ಬರ ಮನೆಗೆ ಒಂದೇ ಗೋಡೆ, ಶಾಲೆಯಲ್ಲಿ ಒಂದೇ ಬೆಂಚು. ನಾನು ಗ್ರಂಥಾಲಯ ಸೇರಿದೆ, ಅವನು ತಗಡಿನ ಶೆಡ್ ಸೇರಿದ. ಎಲ್ಲೋ ಗುದ್ದಿಸಿಕೊಂಡು ಬಂದ ಕಾರಿನ ತಗ್ಗುಗಳಿಗೆ ಪುಟ್ಟಿ ತುಂಬಿ, ನೀರು ಹಾಕಿ ಉಜ್ಜಿ, ಪ್ರೈಮರ್ ಕೊಟ್ಟು, ಕೊನೆಗೆ ಬಣ್ಣ ಸಿಂಪಡಿಸುವ ಗನ್ ಹಿಡಿದು ನಿಂತನೆಂದರೆ ಶೆಡ್ಡಿನಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಅವನು ಬಣ್ಣವನ್ನು ನೋಡುತ್ತಿರಲಿಲ್ಲ, ಹಸಿ ಬಣ್ಣದಲ್ಲಿ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನೋಡುತ್ತಿದ್ದ. ಆ ಬೆಳಕಿನ ಗೆರೆ ನೆಟ್ಟಗಿದ್ದರೆ ಪದರ ಸರಿಯಾಗಿದೆ. ಅಂಚು ಮಸುಕಾದರೆ ಬಣ್ಣ ಒಣಗಿ ಬೀಳುತ್ತಿದೆ, ಗೆರೆ ಜೋತುಬಿದ್ದರೆ ಜಾಸ್ತಿಯಾಗಿದೆ. ಈ ಒಂದು ಗೆರೆಯನ್ನು ನಂಬಿಕೊಂಡೇ ಅವನು ಬದುಕಿದ.

ಶೆಡ್ಡಿನಲ್ಲಿ ಅವನದು ಒಂದೇ ಕಟ್ಟುನಿಟ್ಟು. ಮಾಸ್ಕ್ ಹಾಕದೆ ಗನ್ ಮುಟ್ಟಿದವನು ಅವತ್ತು ಮನೆಗೆ ಹೋಗಬೇಕು. "ಕಾರಿಗಾದ್ರೆ ಪುಟ್ಟಿ ಹಚ್ಚಿ ಉಜ್ಜಬಹುದು. ಎದೆಗೂಡಿಗೆ ಯಾವನು ಹಚ್ತಾನ್ರೋ?" ಎಂದು ಬೈಯುತ್ತಿದ್ದ. ಅವನ ಕೈಕೆಳಗೆ ಕಲಿತವರಲ್ಲಿ ಕೊನೆಯವರೆಗೂ ಜೊತೆಗಿದ್ದವರು ಇಬ್ಬರು, ಗಡ್ಡದವನು ಮತ್ತು ಗುಂಡ. ಇಬ್ಬರೂ ಮಕ್ಕಳೊಂದಿಗರು. ಆದರೂ ಮಾಸ್ಕಿನ ವಿಷಯಕ್ಕೆ ಬೈಸಿಕೊಳ್ಳುವುದು ತಪ್ಪುತ್ತಿರಲಿಲ್ಲ.

ಊರಾಚೆ ವಾಯುಪಡೆಯ ನೆಲೆ ಇದೆ. ಎತ್ತರದ ಬೇಲಿ, ಬೇಲಿಯ ಮೇಲೆ ಮುಳ್ಳುತಂತಿ. ಒಂದು ಮುಂಜಾನೆ ಮೊದಲ ಬಸ್ಸಿನ ಕಂಡಕ್ಟರ್ ಅದರ ಮೇಲೆ ಆಕಾಶದಲ್ಲಿ ಏನನ್ನೋ ಕಂಡ. ಕಂಡದ್ದನ್ನು ಚಹಾ ಅಂಗಡಿಗೆ ತಂದ.

"ಬಾವಲಿ ಇದ್ದ ಹಾಗಿತ್ತು. ಕಪ್ಪಗೆ. ಬಾಲ ಇಲ್ಲ, ಕಿಟಕಿ ಇಲ್ಲ, ಸದ್ದೂ ಇಲ್ಲ."

"ಟಿಕೆಟ್ ತಗೊಂಡಿತ್ತಾ?" ಎಂದ ಕ್ಷೌರದಂಗಡಿಯವನು.

"ನಗಬೇಡ. ಅದರೊಳಗೆ ಮನುಷ್ಯರೇ ಇರಲ್ವಂತೆ. ಎಲ್ಲೋ ಕೂತ್ಕೊಂಡು ನಡೆಸ್ತಾರಂತೆ. ಗಡಿಯಾಚೆ ನೋಡೋಕೆ."

"ಗಡಿಯಾಚೆ ನೋಡೋದಕ್ಕೆ ನಮ್ಮ ತಾರಸಿ ಮೇಲೆ ಯಾಕೆ ಸುತ್ತಬೇಕು? ಅದು ನಮ್ಮನ್ನ ನೋಡೋಕೇ ಇರೋದು."

"ನಿನ್ನನ್ನ ನೋಡಿ ಏನ್ ಮಾಡ್ತಾರಪ್ಪ? ಎಡಗಡೆ ಮೀಸೆ ಜಾಸ್ತಿ ಕತ್ತರಿಸ್ತೀಯ ಅಂತ ಕಂಡುಹಿಡಿಯೋಕಾ?"

ಗ್ರಂಥಾಲಯದವನೆಂದು ನನ್ನನ್ನೂ ಕೇಳಿದರು. ಓದಿದ್ದಷ್ಟನ್ನು ಹೇಳಿದೆ. ಇಂಥ ಡ್ರೋನ್‌ಗಳು ರಾಡಾರಿಗೆ ಸಿಗದಂತೆ ಮಾಡಲು ಆಕಾರವನ್ನೂ ಬದಲಿಸುತ್ತಾರೆ, ಮೇಲೆ ಒಂದು ಬಗೆಯ ಲೇಪನವನ್ನೂ ಕೊಡುತ್ತಾರೆ. ಉದ್ದೇಶ ಬೇಹುಗಾರಿಕೆ ಇರಬಹುದು, ಶತ್ರುವಿನ ರಾಡಾರನ್ನು ಏಮಾರಿಸುವುದಿರಬಹುದು, ಬಾಂಬು ಹಾಕುವುದೂ ಇರಬಹುದು. ಇದರ ಬಗ್ಗೆ ಬರೆದವರಲ್ಲಿ ಬಹುಪಾಲು ಜನ ಒಂದು ಮಸುಕು ಫೋಟೋ ಇಟ್ಟುಕೊಂಡು ಪುಟಗಟ್ಟಲೆ ಊಹೆ ಮಾಡಿದವರು. ಈ ಕೊನೆಯ ಮಾತು ಯಾರಿಗೂ ಹಿಡಿಸಲಿಲ್ಲ. ಮೇಸ್ತ್ರಿ ಬೆಂಚಿನ ತುದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವನು ಬಾಯಿ ಹಾಕಲಿಲ್ಲ.

ಅಷ್ಟು ಹೊತ್ತಿಗಾಗಲೇ ಅವನು ಬೇಲಿಯ ಒಳಗೆ ಹೋಗಿಬರುತ್ತಿದ್ದ. ಯಾವನೋ ಗುತ್ತಿಗೆದಾರ ಒಳ್ಳೆಯ ಕೈಯವರು ಬೇಕೆಂದು ಹುಡುಕಿಕೊಂಡು ಬಂದಿದ್ದನಂತೆ. ಬೆಳಿಗ್ಗೆ ಗಾಜಿಗೆ ಪರದೆ ಕಟ್ಟಿದ ವ್ಯಾನ್ ಬರುತ್ತಿತ್ತು. ಮೇಸ್ತ್ರಿ, ಗಡ್ಡದವನು, ಗುಂಡ ಹತ್ತುತ್ತಿದ್ದರು. ಸಂಜೆ ಅದೇ ವ್ಯಾನ್ ಇಳಿಸಿ ಹೋಗುತ್ತಿತ್ತು. ಮೇಸ್ತ್ರಿಯ ಉಗುರಿನ ಸುತ್ತ ಕೂತ ಕಪ್ಪು, ಬಣ್ಣ ತೊಳೆಯುವ ಥಿನ್ನರಿಗೂ ಬಿಡುತ್ತಿರಲಿಲ್ಲ. ಅದನ್ನು ಮೊದಲು ಕಂಡವನು ಕ್ಷೌರದಂಗಡಿಯವನೇ. ಆಮೇಲೆ ಕೇಳಬೇಕೆ? ಊರಿನ ಊಹೆಗಳೆಲ್ಲ ಬಾವಲಿಯನ್ನು ಬಿಟ್ಟು ಮೇಸ್ತ್ರಿಯ ಹಿಂದೆ ಬಿದ್ದವು. ಅವನು ಸುಮ್ಮನಿದ್ದಷ್ಟೂ ಅವು ಬೆಳೆದವು.

ಚಳಿ ಶುರುವಾಗುವ ಹೊತ್ತಿಗೆ ಕೆಮ್ಮು ಹಿಡಿಯಿತು. ಒಣ ಕೆಮ್ಮು. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಏನೋ ಜ್ಞಾಪಿಸಿಕೊಳ್ಳುವವನಂತೆ ನಟಿಸಿ, ಮತ್ತೆ ಹತ್ತುತ್ತಿದ್ದ. ಅತ್ತಿಗೆ, ಅಂದರೆ ಅವನ ಹೆಂಡತಿ, ಹಟ ಮಾಡಿ ಎದೆರೋಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಏನು ಕೆಲಸ?"

"ಕಾರಿಗೆ ಪೇಂಟ್ ಹೊಡೀತೀನಿ."

"ಮಾಸ್ಕ್ ಹಾಕ್ತೀರಾ?"

"ಹಾಕ್ತೀನಿ."

"ಹಾಗಿದ್ರೆ ಇಷ್ಟು ಬೇಗ ಇಷ್ಟು ಹಾಳಾಗೋಕೆ ಸಾಧ್ಯ ಇಲ್ಲ. ಒಳಗೆ ಏನು ಹೋಗಿದೆ, ಹೇಗೆ ಹೋಗಿದೆ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಔಷಧಿ ಕೊಡ್ತೀನಿ. ಗೊತ್ತಿಲ್ದೆ ಕೊಟ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ತಡ ಮಾಡಿದಷ್ಟೂ ನಿಮಗೇ ಕಷ್ಟ. ಯೋಚನೆ ಮಾಡಿ ಹೇಳಿ."

ಅವನು ಯೋಚನೆಯನ್ನೂ ಮಾಡಲಿಲ್ಲ. "ಕಾರಿನ ಪೇಂಟೇ," ಎಂದು ಎದ್ದುಬಿಟ್ಟ.

ಹೊರಗೆ ಬಂದ ಮೇಲೆ ಅತ್ತಿಗೆ ರಸ್ತೆಯಲ್ಲೇ ನಿಂತರು. "ರೀ, ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತಾರೆ ಅಂತ ನಾಯಿ ನರಿಗೂ ಗೊತ್ತು. ಡಾಕ್ಟರಮ್ಮನ ಹತ್ರ ಯಾಕ್ರೀ ಮುಚ್ಚಿಡ್ತೀರ?" ಅವನು ಮುಂದೆ ನಡೆದುಬಿಟ್ಟ. ಆಕೆ ನನ್ನ ಕಡೆ ತಿರುಗಿದರು. "ಅಣ್ಣ, ನೀವಾದ್ರೂ ಹೇಳಿ. ದೇಶದ ಗುಟ್ಟನ್ನ ದೇಶ ಕಾಯ್ಕೊಳ್ಳಲಿ. ನನ್ನ ಗಂಡನ ಉಸಿರು ಯಾರು ಕಾಯ್ತಾರೆ?"

ಚಹಾ ಅಂಗಡಿಯಲ್ಲಿ ಅವನ ಮೌನಕ್ಕೆ ಭಾರೀ ಮರ್ಯಾದೆ ಸಿಕ್ಕಿತು. ಬಾಯಿ ಬಿಟ್ಟರೆ ಎತ್ತಿಹಾಕಿಕೊಂಡು ಹೋಗುತ್ತಾರೆ ಎಂದ ಕ್ಷೌರದಂಗಡಿಯವನು. ಆ ಬಣ್ಣವೇ ಆಯುಧ, ವಿಮಾನ ಬರೀ ನೆಪ, ಅದನ್ನು ಮುಟ್ಟಿದ ಶತ್ರು ಕೆಮ್ಮಿ ಸಾಯಲಿ ಅಂತಲೇ ಮಾಡಿರುವುದು ಎಂದ ಕಂಡಕ್ಟರ್. ಮೇಸ್ತ್ರಿಯ ಎದುರಿನಲ್ಲೇ ಇದೆಲ್ಲ ನಡೆಯಿತು. ನಾನೂ ಅವನ ಬಾಯಿ ಕಟ್ಟಿರುವುದು ಕೊಟ್ಟ ಮಾತು, ಇಲ್ಲವೇ ಭಯ ಎಂದೇ ತಿಳಿದಿದ್ದೆ. ದೇಶ, ಪ್ರಜೆ, ಗೌಪ್ಯತೆ ಎಂದು ಓದಿದ್ದನ್ನೆಲ್ಲ ಒಟ್ಟುಹಾಕಿಕೊಂಡು ಒಂದು ಭಾನುವಾರ ಮಧ್ಯಾಹ್ನ ಅವನ ಶೆಡ್ಡಿಗೆ ಹೋದೆ.

ಅವನು ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತಿದ್ದ. ನನಗೊಂದು ಡಬ್ಬ ತಳ್ಳಿದ. ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣ ಅರ್ಧಕ್ಕೆ ಬಂದಾಗ ಕೈಯೆತ್ತಿದ.

"ಸಾಕು ಬಿಡೋ. ಹೇಳಬೇಡ ಅಂದಿದ್ರು, ನಿಜ. ಆದ್ರೆ ಹೇಳೋಕೆ ನನಗೆ ಗೊತ್ತಿರೋದಾದ್ರೂ ಏನು? ನನ್ನ ಮುಂದೆ ಇಡ್ತಿದ್ದಿದ್ದು ಬಾಗಿಲಷ್ಟು ಅಗಲದ ಒಂದು ಹಲಗೆ. ಮಿಕ್ಕಿದ್ದಕ್ಕೆಲ್ಲ ಬಟ್ಟೆ. ಅದು ರೆಕ್ಕೆನೋ ಹೊಟ್ಟೆನೋ, ಹಾರುತ್ತೋ ಇಲ್ವೋ, ದೇವರಾಣೆ ಗೊತ್ತಿಲ್ಲ. ಡಬ್ಬದ ಮೇಲೆ ಹೆಸರಿಲ್ಲ. ಚಹಾ ಅಂಗಡೀಲಿ ಕೂತಿರೋ ಕಂಡಕ್ಟರಿಗೆ ನನಗಿಂತ ಜಾಸ್ತಿ ಗೊತ್ತು."

"ಹಾಗಿದ್ರೆ ಅಷ್ಟನ್ನೇ ಡಾಕ್ಟರಮ್ಮನಿಗೆ ಹೇಳೋಕೆ ಏನು ಧಾಡಿ?"

ಅವನು ಉಗುರಿನ ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿದ.

"ಆ ಬಣ್ಣದಲ್ಲಿ ಟ್ಯೂಬ್‌ಲೈಟ್ ಬೀಳ್ತಿರ್ಲಿಲ್ಲ ಕಣೋ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹಸಿ ಇದ್ದಾಗಲೂ ಹೊಳಪಿಲ್ಲ. ಬೆಳಕು ಹೋಗಿ ಬಿದ್ರೆ ಅಲ್ಲೇ ಸತ್ತುಹೋಗೋದು. ಎಲ್ಲಿ ಹೊಡೆದಿದ್ದೀನಿ, ಎಲ್ಲಿ ಬಿಟ್ಟಿದ್ದೀನಿ, ಒಂದೂ ಕಾಣ್ತಿರ್ಲಿಲ್ಲ. ಮೂತಿ ತುಂಬಾ ಮಾಸ್ಕು, ಅದರ ಗಾಜಿಗೆ ನನ್ನ ಉಸಿರಿನ ಮಂಜು. ಅಳತೆ ಹಿಡಿದು ನೋಡೋರು ಬಂದು ಇಲ್ಲಿ ತೆಳು, ಅಲ್ಲಿ ದಪ್ಪ ಅಂತ ವಾಪಸ್ ಮಾಡಿದ್ರು. ನನ್ನ ಕೆಲಸನ ಯಾರೂ ವಾಪಸ್ ಮಾಡಿರ್ಲಿಲ್ಲ." ಕೆಮ್ಮು ಬಂತು. ಮುಗಿಯುವವರೆಗೂ ಕಾದೆ. "ಮಾರನೇ ದಿನ ಮಾಸ್ಕ್ ತೆಗೆದಿಟ್ಟೆ. ಮುಖ ಹಲಗೆಗೆ ಹತ್ತಿರ ಒಯ್ದು, ಅಡ್ಡಡ್ಡ ನೋಡಿ, ವಾಸನೆ ಹಿಡಿದು ಹೊಡೆದೆ. ವಾಸನೇಲಿ ಗೊತ್ತಾಗ್ತಿತ್ತು ಎಷ್ಟು ಹಸಿ ಅಂತ. ಅವತ್ತಿನಿಂದ ಒಂದು ಹಲಗೇನೂ ವಾಪಸ್ ಬರ್ಲಿಲ್ಲ."

ನಾನು ಕೂತಿದ್ದ ಡಬ್ಬವನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ.

"ಯಾರ ಕಣ್ಣಿಗೂ ಬೀಳಬಾರದು ಅಂತ ಮಾಡ್ತಿರೋದನ್ನ ಚೆಂದ ಕಾಣೋ ಹಾಗೆ ಹೊಡೀಬೇಕು ಅಂತ ಒದ್ದಾಡಿದ್ದೀನಿ ನೋಡು. ಯಾರನ್ನ ಕೊಲ್ಲೋಕೋ, ಯಾರನ್ನ ಕಾಯೋಕೋ, ಒಂದು ದಿನ ಕೇಳ್ಲಿಲ್ಲ. ಕೇಳೋಕೆ ಪುರಸೊತ್ತೂ ಇರ್ಲಿಲ್ಲ."

"ಮಾಸ್ಕ್ ತೆಗೆದೆ ಅಂತ ಹೇಳೋಕೆ ನಾಚಿಕೆನಾ?"

"ನಾನೊಬ್ಬನೇ ಆಗಿದ್ರೆ ಹೇಳ್ತಿದ್ದೆ." ಅವನ ದನಿ ಕುಗ್ಗಿತು. "ನಾನು ತೆಗೆದಿದ್ದನ್ನ ನೋಡಿ ಅವರಿಬ್ರೂ ತೆಗೆದ್ರು. ಮೇಸ್ತ್ರಿನೇ ತೆಗೆದ ಮೇಲೆ ಇನ್ನೇನು ಅಂತ. ನಾನು ನೋಡಿದೆ. ಬೈಲಿಲ್ಲ. ಕೆಲಸ ಚೆನ್ನಾಗಿ ಬರ್ತಿತ್ತು."

ಮೂರು ಎದೆಗಳ ಮಾತು ಇದು ಎಂದು ಆಗ ನನಗೆ ಹೊಳೆಯಿತು. ಮೇಸ್ತ್ರಿ ಕೆಮ್ಮು ಜಾಸ್ತಿಯಾಗಿ ಹೋಗುವುದನ್ನು ಬಿಟ್ಟ ಮೇಲೂ ಅವರಿಬ್ಬರು ಅದೇ ವ್ಯಾನ್ ಹತ್ತುತ್ತಿದ್ದರು. ಭಾಷಣ ಮರೆತು ಹೋಯಿತು. "ಗುಂಡನಿಗೆ ಕೆಮ್ಮು ಇದೆಯಾ?" ಎಂದಷ್ಟೇ ಕೇಳಿದೆ.

ಅವನು ತಲೆ ಎತ್ತಲಿಲ್ಲ. "ಹೋದ ವಾರದಿಂದ," ಎಂದ.

ಮಾರನೆಯ ಬೆಳಿಗ್ಗೆ ವ್ಯಾನ್ ಬಂದು ಹಾರ್ನ್ ಹಾಕಿ ಹಾಕಿ ಖಾಲಿ ಹೋಯಿತು. ಮೇಸ್ತ್ರಿ ಇಬ್ಬರನ್ನೂ ಕರೆದುಕೊಂಡು ಡಾಕ್ಟರಮ್ಮನ ಮುಂದೆ ಕೂತ. ಅತ್ತಿಗೆ ಬಾಗಿಲ ಹತ್ತಿರ ನಿಂತರು. ಅವನು ಶೆಡ್ಡಿನಲ್ಲಿ ನನಗೆ ಹೇಳಿದಷ್ಟನ್ನೂ ಹೇಳಿದ, ಬೈಯಲಿಲ್ಲ ಎಂಬುದನ್ನೂ ಸೇರಿಸಿ. ಗಡ್ಡದವನು ಮಧ್ಯೆ ಬಾಯಿ ಹಾಕಿ, "ನಾವೇ ತೆಗೆದ್ವಿ ಮೇಡಂ, ಇವರು ಹೇಳಿರ್ಲಿಲ್ಲ," ಎಂದ. "ಸುಮ್ನಿರೋ," ಎಂದು ಮೇಸ್ತ್ರಿ ಗದರಿದ.

ಡಾಕ್ಟರಮ್ಮ ಮೂವರನ್ನೂ ಪರೀಕ್ಷೆ ಮಾಡಿದರು. ಗಡ್ಡದವನಿಗೆ ಏನೂ ಆಗಿರಲಿಲ್ಲ. ಗುಂಡನಿಗೆ ಶುರುವಾಗಿತ್ತು, ಆದರೆ ಸಕಾಲಕ್ಕೆ ಸಿಕ್ಕಿದ್ದಾನೆ, ಇನ್ನು ಆ ಬಣ್ಣದ ಗಾಳಿಗೆ ಹೋಗದಿದ್ದರೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ ಎಂದರು. ಮೇಸ್ತ್ರಿಯ ಔಷಧಿಯನ್ನೂ ಬದಲಿಸಿದರು. ಅವನ ಬಗ್ಗೆ ಮಾತಾಡುವಾಗ ಮಾತ್ರ ಅತ್ತಿಗೆಯ ಮುಖ ನೋಡಲಿಲ್ಲ.

ಡಬ್ಬದಲ್ಲಿ ಏನಿತ್ತು ಎಂದು ಡಾಕ್ಟರಮ್ಮ ಗುತ್ತಿಗೆದಾರನ ಕಚೇರಿಗೆ ಫೋನ್ ಮಾಡಿ ಕೇಳಿದರು. ಅಂಥ ಕೆಲಸವನ್ನು ನಾವು ಮಾಡಿಸಿಯೇ ಇಲ್ಲ ಎಂದರಂತೆ.

"ಇಲ್ಲದೇ ಇರೋ ಕೆಲಸಕ್ಕೆ ನಾನು ಬೆಳಿಗ್ಗೆ ಎದ್ದು ಬುತ್ತಿ ಕಟ್ತಿದ್ನಾ?" ಎಂದರು ಅತ್ತಿಗೆ. ಅವರ ದನಿಯಲ್ಲಿ ಕೋಪ ಕಾಣಲಿಲ್ಲ, ದಣಿವು ಮಾತ್ರ ಇತ್ತು.

ಮೇಸ್ತ್ರಿ ಬೇಸಿಗೆಯವರೆಗೆ ಎಳೆದ. ಕೊನೆಯ ತಿಂಗಳುಗಳಲ್ಲಿ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಒರಗಿರುತ್ತಿದ್ದ. ನಾನು ಪತ್ರಿಕೆ ಓದಿ ಹೇಳುತ್ತಿದ್ದೆ. ಒಮ್ಮೆ ದೂರದ ಯಾವುದೋ ದೇಶದಲ್ಲಿ ಡ್ರೋನ್ ದಾಳಿಗೆ ಮನೆಗಳು ಉರುಳಿದ ಸುದ್ದಿ ಬಂತು. ಓದದೆ ಪುಟ ತಿರುವಿದೆ. "ಓದೋ, ಪರವಾಗಿಲ್ಲ," ಎಂದ. ಓದಿದೆ. "ಎಂಥ ಬಣ್ಣ ಅಂತ ಬರೆದಿಲ್ಲ ಅಲ್ವಾ?" ಎಂದು ಕೇಳಿ, ನಾನು ಇಲ್ಲವೆಂದ ಮೇಲೆ ಕಣ್ಣು ಮುಚ್ಚಿಕೊಂಡ. ಗುಂಡ ಎರಡು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಅವನು ಬಂದಾಗಲೆಲ್ಲ ಮೇಸ್ತ್ರಿ ಮಾತು ನಿಲ್ಲಿಸಿ ಅವನ ಉಸಿರನ್ನೇ ಕೇಳುತ್ತಿದ್ದ. ಉಸಿರು ಸಲೀಸಾಗಿದ್ದ ದಿನ ನಾಲ್ಕು ತುತ್ತು ಜಾಸ್ತಿ ಉಣ್ಣುತ್ತಿದ್ದ.

ಚಹಾ ಅಂಗಡಿಯವರಿಗೆ ಈ ನಿಜ ಹಿಡಿಸಿಲ್ಲ. ಮಾಸ್ಕ್ ತೆಗೆದದ್ದಷ್ಟೇ ಎಂದರೆ ಕ್ಷೌರದಂಗಡಿಯವನು ಕಣ್ಣು ಮಿಟುಕಿಸಿ, "ಹಾಗೆ ಹೇಳಿ ಅಂತ ಹೇಳ್ಕೊಟ್ಟಿರ್ತಾರೆ ಬಿಡಿ ಸಾರ್," ಎನ್ನುತ್ತಾನೆ. ಅವರ ಊಹೆಗಳು ಅವರಿಗಿರಲಿ.

ಮಣ್ಣು ಮಾಡಿ ಬಂದ ಸಂಜೆ ಮನೆಯಲ್ಲಿ ಕೆಲವರೇ ಇದ್ದೆವು. ಹೆಗಲು ಕೊಟ್ಟಿದ್ದ ಗುಂಡ ಗೋಡೆಗೆ ಒರಗಿ ಕೂತಿದ್ದ. ಒಂದು ಸಲ ಕೆಮ್ಮಿದ. ಅಲ್ಲಿಯವರೆಗೂ ಯಾರ ಮಾತಿಗೂ ಮುಖವೆತ್ತದ ಅತ್ತಿಗೆ ಥಟ್ಟನೆ ತಿರುಗಿ ನೋಡಿದರು.

"ಮಾತ್ರೆ ತಗೊಂಡ್ಯೇನೋ?"

"ತಗೊಂಡೆ ಅಮ್ಮ."

"ಸುಳ್ಳು ಹೇಳಬೇಡ."

ಗುಂಡ ತಲೆ ತಗ್ಗಿಸಿದ. ಅತ್ತಿಗೆ ಎದ್ದು ಒಳಗೆ ಹೋಗಿ ಅವನಿಗೆ ಒಂದು ಲೋಟ ನೀರು ತಂದರು.