ಮಾತ್ರೆ ನುಂಗದ ನಾಲ್ಕು ತಿಂಗಳು

ನನ್ನ ಗರ್ಭಕೋಶ ತೆಗೆಸುವ ದಿನವನ್ನು ನಿಶ್ಚಯ ಮಾಡಿದ್ದು ನಾನಲ್ಲ. ಬೇಸಿಗೆ ರಜೆಯಲ್ಲಾದರೆ ಶಾಲೆಗೂ ತೊಂದರೆಯಿಲ್ಲ, ಮನೆಗೂ ತೊಂದರೆಯಿಲ್ಲ ಎಂದು ನಾವುಂದದ ನಮ್ಮ ಮನೆಯ ಚಾವಡಿಯಲ್ಲಿ ಕೂತು ಗಂಡ, ಅತ್ತೆ, ಬ್ರಹ್ಮಾವರದಿಂದ ಬಂದಿದ್ದ ಗಂಡನ ಅಕ್ಕ ಮೂವರೂ ಚಹಾ ಕುಡಿಯುತ್ತ ತೀರ್ಮಾನಿಸಿಬಿಟ್ಟರು. ಚಹಾ ಮಾಡಿಕೊಟ್ಟವಳು ನಾನೇ. ಲೋಟ ತೆಗೆಯಲು ಹೋದಾಗ ಅತ್ತಿಗೆ, "ಏಪ್ರಿಲ್ ಹದ್ನೈದ್ರ ಮೇಲೆ ಮಾಡ್ಸುವ ಅಂದ್ ಮಾತಾಡ್ದೊ, ನಿಂಗೆ ಅಡ್ಡಿಲ್ಲೆ ಅಲ್ದಾ?" ಎಂದರು. ಮನೆಗೆ ಸುಣ್ಣ ಹೊಡೆಸುವ ವಿಷಯ ಕೇಳಿದ ಹಾಗೆ ಕೇಳಿದರು.

ನಾನು ಬೈಂದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಲವತ್ತನಾಲ್ಕು ವರ್ಷ. ಎರಡು ವರ್ಷಗಳಿಂದ ಮುಟ್ಟು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ, ಬಂದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆಯುವುದಕ್ಕೇ ಹೆದರುತ್ತಿದ್ದೆ. ಕಡುನೀಲಿ, ಕಪ್ಪು, ಕಾಫಿಬಣ್ಣ, ಈ ಮೂರು ಬಣ್ಣ ಬಿಟ್ಟರೆ ಬೇರೆ ಸೀರೆ ಉಡುತ್ತಿರಲಿಲ್ಲ. ಕುಂದಾಪುರದ ಲೇಡಿ ಡಾಕ್ಟರು ಸ್ಕ್ಯಾನ್ ಮಾಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, "ಸಣ್ಣ ಗಡ್ಡೆ ಇದೆ, ಕೆಟ್ಟದ್ದೇನಲ್ಲ. ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ತೆಗೆಸುವುದಾದರೆ ತೆಗೆಸಿ, ಕಾಯುವುದಾದರೆ ನಾಲ್ಕು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವ" ಎಂದಿದ್ದರು. ಮನೆಯವರ ಕಿವಿಗೆ ಬಿದ್ದದ್ದು 'ತೆಗೆಸಿ' ಎಂಬ ಒಂದೇ ಮಾತು. ನಮ್ಮ ಕಡೆ ನಲವತ್ತು ದಾಟಿದ ಹೆಂಗಸರಲ್ಲಿ ತೆಗೆಸಿಕೊಂಡವರು ಯಾವ ಮನೆಯಲ್ಲಿ ಕೇಳಿದರೂ ಸಿಗುತ್ತಾರೆ. ಮಕ್ಕಳಾದ ಮೇಲೆ ಅದಿದ್ದು ಏನು ಉಪಯೋಗ ಎಂಬ ಮಾತು ನನಗೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲ ಕಡೆ ಬಿಟ್ಟಿಯಾಗಿ ಸಿಕ್ಕಿತ್ತು.

"ನಂಗ್ ಅಡ್ಡಿ ಇತ್ತ್ ಅತ್ಗೆ" ಎಂದೆ. "ದಿನ ಈಗ್ಲೇ ಇಡುದ್ ಬ್ಯಾಡ, ನಂಗೆ ನಾಲ್ಕ್ ತಿಂಗ್ಳ್ ಬೇಕ್. ಡಾಕ್ಟ್ರೇ ಹೇಳಿದ್ರಲೆ."

ಮೂವರೂ ನನ್ನ ಮುಖ ನೋಡಿದರು. ಗಂಡನೇ ಕೊನೆಗೆ, "ಆಯ್ತ್, ನಾಲ್ಕ್ ತಿಂಗ್ಳ್. ಆಮೇಲೆ ಮಾತಿಲ್ಲೆ" ಎಂದರು. ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಮನುಷ್ಯ, ಗಿರಾಕಿಯ ಜೊತೆಗೂ ಜಗಳಕ್ಕೆ ಹೋಗುವವರಲ್ಲ.

ನಾಲ್ಕು ತಿಂಗಳು ಕೇಳಿದ್ದೇನೋ ಕೇಳಿದೆ, ಅದರಲ್ಲಿ ಏನು ಮಾಡಬೇಕು ಎಂದು ನನಗೂ ಗೊತ್ತಿರಲಿಲ್ಲ. ಶಾಲೆಯ ಹಿಂದಿ ಟೀಚರು ಸೊಂಟನೋವಿಗೆಂದು ಕುಂದಾಪುರದಲ್ಲಿ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಅವರು ಹೇಳಿದ ಮೇಲೆ ಒಂದು ಶನಿವಾರ, ಬೆಳಗಿನ ತರಗತಿ ಮುಗಿಸಿ ಬಸ್ಸು ಹತ್ತಿದೆ. ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಮೂರು ಮಂಚ. ಸೂಜಿ ಹಾಕುವವರು ನಮ್ಮೂರ ಕಡೆಯವರೇ, ಐವತ್ತು ದಾಟಿದ ಹೆಂಗಸು. ಮುಂಬೈಯಲ್ಲಿ ನರ್ಸ್ ಆಗಿದ್ದವರು, ಅಲ್ಲೇ ಅಕ್ಯುಪಂಕ್ಚರನ್ನೂ ಚೀನಾದ ಬೇರು ನಾರಿನ ಮದ್ದನ್ನೂ ವರ್ಷಗಟ್ಟಲೆ ಕಲಿತು ಊರಿಗೆ ಮರಳಿದವರು. ಊರೆಲ್ಲ ಸೂಜಿ ಡಾಕ್ಟ್ರು ಅನ್ನುತ್ತಿತ್ತು. ಅವರಿಗೆ ಮಾತ್ರ ಆ ಹೆಸರು ಕೇಳಿದರೆ ಸಿಟ್ಟು.

"ನಾನ್ ಡಾಕ್ಟ್ರಲ್ಲ. ಸ್ಕ್ಯಾನ್ ರಿಪೋರ್ಟ್ ತಕಂಡ್ ಬಂದಿದ್ರ್ಯಾ? ಅದ್ ಕಾಣ್ದೆ ನಾನ್ ಸೂಜಿ ಮುಟ್ಟುದಿಲ್ಲೆ" ಎಂದರು. ರಿಪೋರ್ಟು ಓದಿದರು. ಎರಡೂ ಕೈಯ ನಾಡಿ ಹಿಡಿದು ತುಂಬ ಹೊತ್ತು ಸುಮ್ಮನೆ ಕೂತರು. ನಾಲಗೆ ಚಾಚಿಸಿ ನೋಡಿದರು. ಗಡ್ಡೆ ಕರಗಿಸುತ್ತೇನೆ ಅಂತ ನಾನು ಹೇಳುವುದಿಲ್ಲ, ನೋವು ಕಡಿಮೆಯಾಗಬಹುದು, ನಿದ್ದೆ ಬರಬಹುದು, ಕಬ್ಬಿಣದ ಮಾತ್ರೆ ಬಿಡುವಂತಿಲ್ಲ ಎಂದರು. ಆಮೇಲೆ ಹೋದ ಒಂದು ವರ್ಷದ ಮುಟ್ಟಿನ ತಾರೀಕುಗಳನ್ನೆಲ್ಲ ಬರೆದು ತನ್ನಿ ಎಂದರು.

ಬರೆಯುವುದು ನನಗೆ ಕಷ್ಟವಲ್ಲ. ಮುಂದಿನ ಶನಿವಾರ ಗೆರೆ ಎಳೆದು ಅಂದವಾಗಿ ಕೋಷ್ಟಕ ಮಾಡಿಕೊಂಡು ಹೋದೆ. ಪಕ್ಕದಲ್ಲಿ ಷರಾ ಎಂದು ಒಂದು ಕಂಬಸಾಲು. ಮೈದುನನ ಗೃಹಪ್ರವೇಶ, ಐದು ಮಾತ್ರೆ. ದೇವಸ್ಥಾನದ ಬ್ರಹ್ಮಕಲಶ, ಎಂಟು ಮಾತ್ರೆ. ಅತ್ತಿಗೆಯ ಮಗಳ ನಿಶ್ಚಿತಾರ್ಥ, ನಾಗರಪಂಚಮಿ, ನವರಾತ್ರಿ, ಸತ್ಯನಾರಾಯಣ ಪೂಜೆ. ಮುಟ್ಟನ್ನು ಮುಂದೂಡುವ ಮಾತ್ರೆ ಅದು. ನಮ್ಮಲ್ಲಿ ಅದಕ್ಕೊಂದು ಹೆಸರೂ ಇಲ್ಲ, 'ಆ ಮಾತ್ರಿ' ಅಂದರೆ ಸಾಕು, ಮೆಡಿಕಲ್ಲಿನವನು ಡಾಕ್ಟರ ಚೀಟಿ ಕೇಳದೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಮನೆಯಲ್ಲಿ ದೇವರ ಕೆಲಸ ಅಂತ ಆದ ಕೂಡಲೇ ಹೂವು ಹಣ್ಣಿನ ಜೊತೆ ಅದೂ ಬರುತ್ತದೆ. ಹಿರಿ ಸೊಸೆಯಾದ ನಾನು ಯಾವ ಕಾರ್ಯಕ್ರಮಕ್ಕೂ ತಪ್ಪಿದವಳಲ್ಲ. "ನಮ್ಮ ದೊಡ್ಡ ಸೊಸೆದ್ ಒಂದ್ ದಿನವೂ ಅಡಚಣೆ ಅಂದ್ ಇಲ್ಲೆ" ಎಂದು ಅತ್ತೆ ನಾಲ್ಕು ಜನರೆದುರು ಹೇಳಿದಾಗ ನಾನು ಉಬ್ಬಿಹೋಗುತ್ತಿದ್ದೆ. ಎಂಥ ಪೆದ್ದಿ ನಾನು!

ಸೂಜಿಯವರು ಕನ್ನಡಕ ಹಾಕಿಕೊಂಡು ಕೋಷ್ಟಕವನ್ನು ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. "ಟೀಚರೇ, ಇದ್ರಂಗೆ ನಿಮ್ದ್ ಅಂದ್ ಹೇಳುಕ್ ಒಂದ್ ತಿಂಗ್ಳಾರೂ ಇತ್ತಾ? ಎಲ್ಲಾ ಗೃಹಪ್ರವೇಶದ್ದ್, ಬ್ರಹ್ಮಕಲಶದ್ದ್. ನಾನ್ ಯಾರಿಗ್ ಸೂಜಿ ಹಾಕುದ್, ನಿಮ್ಗಾ, ಪಂಚಾಂಗಕ್ಕಾ?"

ನನಗೆ ನಗು ಬಂತು. ಆಮೇಲೆ ಕಣ್ಣಲ್ಲಿ ನೀರೂ ಬಂತು. ಗಣಿತ ಕಲಿಸುವವಳು, ನನ್ನ ಕೈಯಿಂದಲೇ ಬರೆದ ಕೋಷ್ಟಕ, ನನಗೇ ಕಂಡಿರಲಿಲ್ಲ. ಲೇಡಿ ಡಾಕ್ಟರು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗಲೂ ಏನೂ ಇಲ್ಲ ಎಂದಿದ್ದೆ. ದೇವರ ಕೆಲಸದ ಮಾತ್ರೆಯನ್ನು ಯಾರಾದರೂ ಮಾತ್ರೆ ಎಂದು ಲೆಕ್ಕ ಇಡುತ್ತಾರಾ! ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು ಚೆನ್ನಾಗಿ ಬೈದರು. ಇನ್ನು ನಾಲ್ಕು ತಿಂಗಳು ಅದನ್ನು ಮುಟ್ಟಬೇಡಿ, ಮುಟ್ಟಿದರೆ ಯಾವುದು ಗಡ್ಡೆಯಿಂದ, ಯಾವುದು ಮಾತ್ರೆಯಿಂದ ಎಂದು ನನಗೂ ತಿಳಿಯುವುದಿಲ್ಲ, ಆಪರೇಷನ್ನು ಬೇಕೋ ಬೇಡವೋ ಹೇಳಲಾಗುವುದಿಲ್ಲ ಎಂದರು. ಸೂಜಿಯವರ ಮಾತೂ ಅದೇ.

ಹಾಗೆ ಶುರುವಾಯಿತು. ಶನಿವಾರ ಶನಿವಾರ ಕಣಕಾಲಿನ ಮೇಲೆ, ಹೊಕ್ಕುಳಿನ ಕೆಳಗೆ, ಅಂಗೈ ಹಿಂದೆ ಕೂದಲಿನಷ್ಟು ಸಪೂರದ ಸೂಜಿ. ಚುಚ್ಚುವಾಗ ಇರುವೆ ಕಡಿದಷ್ಟು, ಆಮೇಲೆ ಕಾಲು ಭಾರವಾಗಿ ನಿದ್ದೆ. ಕೆಲವು ದಿನ ಒಣ ಸೊಪ್ಪಿನ ಬತ್ತಿ ಹೊತ್ತಿಸಿ ಹೊಟ್ಟೆಯ ಹತ್ತಿರ ಬಿಸಿ ಹಿಡಿಯುತ್ತಿದ್ದರು. ನಮ್ಮ ಮಾಚಿಪತ್ರೆಯ ಜಾತಿಯದೇ ಸೊಪ್ಪಂತೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಮುಕ್ಕಾಲು ಗಂಟೆ ನನ್ನನ್ನು ಯಾರೂ ಕರೆಯದೆ ಮಲಗಲು ಬಿಟ್ಟದ್ದು ಅಲ್ಲಿಯೇ.

ಮನೆಗೆ ಕಷಾಯದ ಪೊಟ್ಟಣ. ಕೆಂಪು ಖರ್ಜೂರದಂಥ ಹಣ್ಣು, ಬಿಲ್ಲೆ ಬಿಲ್ಲೆಯಾಗಿ ಕೊಯ್ದ ಬಿಳಿ ಬೇರು, ಶುಂಠಿ, ಇನ್ನೊಂದು ಘಾಟು ವಾಸನೆಯ ಬೇರು. ಎರಡು ಲೋಟ ನೀರು ಒಂದಾಗುವವರೆಗೆ ಕುದಿಸಬೇಕು, ಹೊರಗಾದ ದಿನಗಳಲ್ಲಿ ನಿಲ್ಲಿಸಬೇಕು. ಲೇಡಿ ಡಾಕ್ಟರಿಗೆ ಪೊಟ್ಟಣ ತೋರಿಸಿಯೇ ಕುಡಿಯಲು ಶುರು ಮಾಡಿದ್ದು. ಮೊದಲ ದಿನ ಅತ್ತೆ ಮೂಗು ಮುಚ್ಚಿಕೊಂಡು, "ಎಂತ ಮಾರಾಯ್ತಿ ಅದ್, ದನಿನ್ ಮದ್ದಾ?" ಎಂದರು. ಮೈದುನ ಬಂದವನು, "ಅತ್ಗೆ, ಚೈನಾ ಮಾಲಿಗೆ ಗ್ಯಾರಂಟಿ ಇಲ್ಲೆ, ಕಾಣಿ" ಎಂದು ಹಲ್ಲು ಕಿರಿದ. "ನಿನ್ ಕೈಯಂಗಿಪ್ಪು ಮೊಬೈಲ್ ಎಂತ ಹಾಲಾಡಿ ಸಂತಿಯಂಗೆ ಮಾಡದ್ದಾ?" ಎಂದೆ.

ಮೊದಲ ತಿಂಗಳು ಏನೂ ಸುಧಾರಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಹದಿಮೂರು ದಿನ ಹೋಯಿತು. ಎರಡನೆಯ ತಿಂಗಳು ಎಂಟು ದಿನ. ಮೂವತ್ತೊಂದು ದಿನಕ್ಕೆ ಸರಿಯಾಗಿ ಬಂತು. ಕೋಷ್ಟಕದಲ್ಲಿ ಬರೆದು ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ.

ಮೂರನೆಯ ತಿಂಗಳಿಗೆ ಬಂತು ನಾಗನ ಕೆಲಸ. ಗಂಡನ ಮನೆಯವರ ಮೂಲ ನಾಗಬನ ಇರುವುದು ಹಾಲಾಡಿಯ ಹತ್ತಿರ. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಸೇರಿ ಕಲಶ, ಆಶ್ಲೇಷ ಬಲಿ. ಸಂಕಲ್ಪಕ್ಕೆ ಕೂರುವುದು ಹಿರಿಯ ಮಗ, ಸೊಸೆ. ನಾಗನ ವಿಷಯದಲ್ಲಿ ಶುದ್ಧ ಎಂದರೆ ಶುದ್ಧ, ಆಟ ಇಲ್ಲ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಮಾವ ದಿನ ಹಾಕಿದರು, ಮಾರ್ಚಿನ ಮೂರನೆಯ ಭಾನುವಾರ. ನನ್ನ ಲೆಕ್ಕ ನೋಡಿದೆ. ಅದೇ ವಾರ. ಸಂಜೆ ಅತ್ತೆ ಪೇಪರಿನಲ್ಲಿ ಸುತ್ತಿದ ಮಾತ್ರೆಯನ್ನು ನನ್ನ ಚೀಲದ ಪಕ್ಕ ಇಟ್ಟರು. ಬೈದು ಕೊಟ್ಟದ್ದಲ್ಲ, ಒತ್ತಾಯದಿಂದ ಕೊಟ್ಟದ್ದೂ ಅಲ್ಲ. ಛತ್ರಿ ಇಟ್ಟ ಹಾಗೆ ಇಟ್ಟರು.

"ಈ ಸಲ ತಿಂತಿಲ್ಲೆ ಅತ್ತೆ. ತಿಂದ್ರೆ ಮೂರ್ ತಿಂಗ್ಳ್ ಮಾಡದ್ದೆಲ್ಲ ಹಾಳ್. ಕಡಿಗ್ ತೆಗ್ಸುದೇ ಆತ್ತ್."

"ಒಂದ್ ಸಲಕ್ಕ್ ಎಂತ ಆತ್ತಿಲ್ಲೆ. ನಾಗನ ಕೆಲ್ಸ, ಹೆಣೆ."

ಇಪ್ಪತ್ತು ವರ್ಷವೂ ಆ ಒಂದೊಂದು ಸಲವೇ. ಆ ದಿನ ನನಗೆ ಬಂದ ಸಿಟ್ಟು ಅತ್ತೆಯ ಮೇಲಲ್ಲ, ಮತ್ಯಾರ ಮೇಲೆ ಎಂದೂ ಗೊತ್ತಾಗಲಿಲ್ಲ. ಫೋನು ಹಿಡಿದು ಗ್ರೂಪಿನಲ್ಲಿ ಬರೆದೆ: 'ಆ ವಾರ ನನ್ನ ಮುಟ್ಟಿನ ದಿನ ಬರುತ್ತದೆ. ವೈದ್ಯರ ಸಲಹೆಯಂತೆ ಮುಂದೂಡುವ ಮಾತ್ರೆ ತೆಗೆದುಕೊಳ್ಳುವುದಿಲ್ಲ. ನಾನು ಕೂರಬೇಕಾದರೆ ದಿನ ಬದಲಿಸಿ, ಇಲ್ಲವಾದರೆ ನನ್ನನ್ನು ಬಿಟ್ಟು ಮಾಡಿ.' ಕಾಗುಣಿತ ಸರಿಯಿದೆಯಾ ಎಂದು ಎರಡು ಸಲ ಓದಿ ಕಳಿಸಿದೆ.

ಐವತ್ತಮೂರು ಜನರ ಗ್ರೂಪು ಅದು. ಅರ್ಧ ಗಂಟೆಯ ಮೇಲೆ ಯಾರೋ ಒಬ್ಬರು ಮಾವ ಗುಲಾಬಿ ಹೂವಿನ ಚಿತ್ರದ ಶುಭಸಂಜೆ ಹಾಕಿದರು. ಅದರ ಕೆಳಗೆ ಮಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ನನ್ನ ಬರಹಕ್ಕೆ ಹೆಬ್ಬೆರಳು ಎತ್ತಿದಳು. ಮರುಕ್ಷಣ ಬ್ರಹ್ಮಾವರದಿಂದ ಫೋನು.

"ಎಂತ ಹಾಕಿದ್ದೆ ನೀನ್ ಗ್ರೂಪಂಗೆ? ಮರ್ಲಾ ನಿಂಗೆ? ಗಂಡಸ್ರೆಲ್ಲ ಕಾಂತ್ರಲೆ!"

"ಕಾಣ್ಲಿ ಅಂದೇ ಹಾಕದ್ದ್ ಅತ್ಗೆ. ದಿನ ಇಡುವವ್ರ್ ಅವ್ರೇ ಅಲ್ದಾ?"

"ಮರ್ಯಾದಿ ಅಂಬುದ್ ಬ್ಯಾಡ್ದಾ?"

"ನನ್ನ ಗರ್ಭಕೋಶ ತೆಗ್ಸುದ್ ಯಾವಾಗ ಅಂದ್ ಚಾವಡಿಯಂಗ್ ಕೂಕಂಡ್ ಮಾತಾಡುವತಿಗೆ ಮರ್ಯಾದಿ ಇತ್ತಾ?"

ಫೋನು ಕಟ್ಟಾಯಿತು. ಬರೆದದ್ದನ್ನು ಅಳಿಸಲಿಲ್ಲ. ದಿನ ಬದಲಾಗಲಿಲ್ಲ. ನನ್ನ ಮುಟ್ಟು ಶುಕ್ರವಾರ ಬಂತು. ಭಾನುವಾರ ಬೆಳಿಗ್ಗೆ ಎಲ್ಲರೂ ಹಾಲಾಡಿಗೆ ಹೊರಟರು, ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಚಾವಡಿಯಲ್ಲಿ ಕಾಲು ಚಾಚಿ ಕೂತು ಉತ್ತರಪತ್ರಿಕೆ ತಿದ್ದಿದೆ. ಹೊಟ್ಟೆನೋವು ಇತ್ತು, ತಡೆಯುವಷ್ಟೇ ಇತ್ತು.

ಕತ್ತಲೆಗೆ ಮುಂಚೆ ವಾಪಸ್ಸು ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ, ಭಟ್ಟರು ಏನಂದರು ಎಂದು.

"ಹೆಂಡ್ತಿ ಎಲ್ಲಿ ಅಂದ್ ಕೇಂಡ್ರ್. ಹೊರ್ಗೆ ಅಂದೆ. 'ಅಡ್ಡಿಲ್ಲೆ, ನೀವೊಬ್ರೇ ಕೂಕಣಿ' ಅಂದ್ರ್."

"ಮತ್ತೆ?"

"ಮತ್ತೆಂತ ಇಲ್ಲೆ. ಅಷ್ಟೇ."

ಅಡ್ಡಿಲ್ಲೆ. ಇಪ್ಪತ್ತು ವರ್ಷ ನುಂಗಿದ್ದು ಈ ಒಂದು ಮಾತನ್ನು ಯಾರೂ ಹೋಗಿ ಕೇಳದೆ ಇದ್ದದ್ದಕ್ಕೆ! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ದುಃಖಕ್ಕಲ್ಲ, ಉರಿಗೆ. ಆ ಮೇಲೆ ಮುಖ ತೊಳೆದು ಬಂದು ಚೀಲದ ಪಕ್ಕ ಹಾಗೇ ಬಿದ್ದಿದ್ದ ಮಾತ್ರೆಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಆ ತಿಂಗಳು ಆರು ದಿನಕ್ಕೆ ನಿಂತಿತು.

ಏಪ್ರಿಲಿನಲ್ಲಿ ಸ್ಕ್ಯಾನಿಗೆ ಹೋದಾಗ ಗಂಡ ಜೊತೆಗಿದ್ದರು. ತಾನೂ ಬರುತ್ತೇನೆ ಎಂದು ಅತ್ತೆಯೂ ಹೊರಟರು, ಯಾಕೆಂದು ನಾನು ಕೇಳಲಿಲ್ಲ. ಗಡ್ಡೆ ಮೊದಲು ಇದ್ದಷ್ಟೇ ಇತ್ತು, ಬೆಳೆದಿರಲಿಲ್ಲ. ರಕ್ತ ಏರಿತ್ತು. ಸೂಜಿಯಿಂದಲೋ, ಕಷಾಯದಿಂದಲೋ, ಕಬ್ಬಿಣದಿಂದಲೋ, ಆ ಮಾತ್ರೆ ಬಿಟ್ಟದ್ದರಿಂದಲೋ, ನನಗೆ ತಿಳಿಯದು. ತಿಳಿದವಳ ಹಾಗೆ ಹೇಳಲಾರೆ. ಡಾಕ್ಟರು ರಿಪೋರ್ಟು ಮಡಚಿ, "ಆಪರೇಷನ್ನಿನ ಅವಸರ ಇಲ್ಲ. ಏನು ಮಾಡುವ, ಹೇಳಿ" ಎಂದು ಕೇಳಿದ್ದು ಗಂಡನ ಮುಖ ನೋಡಿ.

"ನನ್ನ ಕೇಳಿ ಡಾಕ್ಟ್ರೇ" ಎಂದೆ. "ತೆಗೆಸುವುದಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬರುತ್ತೇನೆ."

ಗಂಡ ಫೋನು ಬಂತೆಂದು ಹೊರಗೆ ಹೋದರು. ಔಷಧಿ ಚೀಟಿಗೆ ಕಾಯುತ್ತ ನಾನೂ ಅತ್ತೆಯೂ ಬೆಂಚಿನ ಮೇಲೆ ಕೂತೆವು. ಎದುರು ಗೋಡೆಯಲ್ಲಿ ಬಸುರಿ ಹೆಂಗಸಿನ ಚಿತ್ರವಿದ್ದ ದೊಡ್ಡ ಪಟ. ಅತ್ತೆ ಅದನ್ನೇ ನೋಡುತ್ತಿದ್ದರು.

"ನಂದ್ ತೆಗುವತಿಗೆ ನಂಗೆ ಮೂವತ್ತಾರ್" ಎಂದರು. "ನಿನ್ ಮಾವ, ನಮ್ಮ ಅಣ್ಣ, ಡಾಕ್ಟ್ರ್ ಮೂರೂ ಜನ ಮಾತಾಡ್ಕಂಡ್ರ್. ನಂಗೆ ಟೇಬ್ಲಿನ್ ಮೇಲೆ ಮಲ್ಗಿದ್ ಮೇಲೆ ಗೊತ್ತಾದ್ದ್."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ಆಪರೇಷನ್ ಆದದ್ದೇ ನನಗೆ ತಿಳಿದಿರಲಿಲ್ಲ.

"ನಿಮ್ಮತ್ರ ಕೇಂಡಿದ್ರೆ ಎಂತ ಹೇಳ್ತಿದ್ರಿ ಅತ್ತೆ?"

ಅವರು ಸೆರಗು ಸರಿಮಾಡಿಕೊಂಡರು. "ಬ್ಯಾಡ ಅಂತಿದ್ದೆ" ಎಂದರು.